ಹತ್ತು ಪಾಯಿಂಟ್ ಎಂಟು

ಕಸಂತೀನಾ
12 ಅಕ್ಟೋಬರ್ 1999

ತಮ್ಮನ ಹೆಂಡತಿ ಬಾಯಾಳಿಗೆ ಝುಲೀಖಾ ಮಾಡುವ ಸಲಾಂ.

ಮನೆಯಲ್ಲಿ ಫೋನು ಇರುವಾಗ ಇವಳೇಕೆ ಕಾಗದ ಬರೆಯುತ್ತಾಳೆ ಎಂದುಕೊಳ್ಳಬೇಡ. ಆ ಫೋನು ಎಲ್ಲಿದೆ ಎಂದು ನನಗೆ ಗೊತ್ತು. ಅಮ್ಮನ ತಲೆದಿಂಬಿನ ಪಕ್ಕ. ನಾನು ಏನು ಕೇಳಿದರೂ ನೀನು "ಹೂಂ ಅಕ್ಕ, ಚೆನ್ನಾಗಿದಾರೆ ಅಕ್ಕ" ಅನ್ನುತ್ತೀಯ. ಅಮ್ಮ ಕಣ್ಣು ಮುಚ್ಚಿ ಕಿವಿ ತೆರೆದುಕೊಂಡು ಪಕ್ಕದಲ್ಲೇ ಮಲಗಿರುತ್ತಾಳೆ. ಹಾಗಾಗಿ ಇನ್ನು ಮುಂದೆ ನಮ್ಮ ಮಾತೆಲ್ಲ ಇಲ್ಲಿಗೂ ಊರಿಗೂ ಟ್ಯಾಕ್ಸಿ ಓಡಿಸುವ ಅಯ್ಯೂಬನ ಕೈಯಲ್ಲಿ. ಅವನಿಗೆ ಓದಲು ಬರುವುದಿಲ್ಲ, ಅದೇ ಅವನ ದೊಡ್ಡ ಗುಣ.

ವಿಷಯಕ್ಕೆ ಬರುತ್ತೇನೆ. ಡಿಸೆಂಬರಿನಲ್ಲಿ ರಂಜಾನ್. ಹೋದ ವರ್ಷ ಅಮ್ಮನ ಸಕ್ಕರೆ ಕಾಯಿಲೆ ನೋಡಿ ಡಾಕ್ಟರು ಉಪವಾಸ ಬೇಡ ಅಂದರು. ಅವಳು ತಿಂಗಳಿಡೀ ಅಡುಗೆಮನೆಯ ಬಾಗಿಲ ಹಿಂದೆ ಗೋಡೆ ಕಡೆ ಮುಖ ಮಾಡಿಕೊಂಡು ಉಂಡಳಂತೆ. ನೀನೇ ಹೇಳಿದ್ದು. ಊರಿನಲ್ಲಿ ಯಾವ ಹೆಂಗಸು ಸತ್ತರೂ ಸ್ನಾನ ಮಾಡಿಸಿ ಕಳಿಸುವವಳು ನಮ್ಮಮ್ಮ. ಆ ಹೆಂಗಸರ ಕೂಟದ ತಲೆಯಲ್ಲಿ ಕೂತು ಯಾರದ್ದು ಸರಿ ಯಾರದ್ದು ತಪ್ಪು ಅನ್ನುವವಳು. ಅವಳ ಮುಂದೆ ಸುಳ್ಳು ಹೇಳಲು ಯಾರಿಗೂ ನಾಲಿಗೆ ಏಳುವುದಿಲ್ಲ. ಅಂಥವಳು ಕದ್ದು ಉಣ್ಣುವುದನ್ನು ನೆನೆಸಿಕೊಂಡರೆ ನನಗೆ ಇಲ್ಲಿ ತುತ್ತು ಇಳಿಯುವುದಿಲ್ಲ.

ಮೂರು ತಿಂಗಳ ಸಕ್ಕರೆಯನ್ನು ಒಟ್ಟಿಗೆ ಹೇಳುವ ಆ ಪರೀಕ್ಷೆಯಲ್ಲಿ ಎಂಟಕ್ಕಿಂತ ಕಡಿಮೆ ಬಂದರೆ ಈ ವರ್ಷ ಉಪವಾಸ ಮಾಡಬಹುದು ಎಂದು ಡಾಕ್ಟರು ಹೇಳಿದ್ದಾರಲ್ಲ. ಈ ತಿಂಗಳಲ್ಲೇ ಕರೆದುಕೊಂಡು ಹೋಗು. ಫಲಿತಾಂಶದ ಕಾಗದವನ್ನೇ ಕಳಿಸು, ನಿನ್ನ ಮಾತಿನಲ್ಲಿ ಸಾರಾಂಶ ಬೇಡ.

ಇನ್ನೊಂದು ಮಾತು. ಫೋನಿನಲ್ಲಿ ಅಮ್ಮನ ದನಿ ಈಚೆಗೆ ಬಹಳ ಖುಷಿಯಾಗಿದೆ. ಅವಳು ಸುಮ್ಮಸುಮ್ಮನೆ ಖುಷಿಯಾಗುವವಳಲ್ಲ. ನಮ್ಮ ಮನೆಯವರಿಗೆ ಆರು ವರ್ಷದಿಂದ ಇದೇ ರೋಗ, ಸಿಹಿ ತಿಂದ ಬಾಯಿಯ ದನಿ ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕಣ್ಣಿಟ್ಟಿರು.

ನನ್ನ ಮಗಳು ಲತೀಫಾಳ ಮದುವೆಗೆ ನೇಯುತ್ತೇನೆ ಎಂದ ಜಮಖಾನ ಎಲ್ಲಿಗೆ ಬಂತು?

ಝುಲೀಖಾ


ಬೆನಿ ಇಸ್ಗೆನ್
27 ಅಕ್ಟೋಬರ್ 1999

ಪ್ರೀತಿಯ ಝುಲೀಖಕ್ಕನಿಗೆ ಬಾಯಾ ಮಾಡುವ ಸಲಾಂ. ನಾವೆಲ್ಲ ಕ್ಷೇಮ.

ನೀವು ಹೇಳಿದಂತೆ ಪರೀಕ್ಷೆ ಆಯಿತು. ಬೆಳಿಗ್ಗೆ ಏನೂ ತಿನ್ನದೆ ಹೊರಟೆವು, ಇಬ್ಬರೂ ನಮ್ಮೂರ ಪದ್ಧತಿಯಂತೆ ಮೈಪೂರ್ತಿ ಬಿಳಿ ಹೊದಿಕೆ ಹೊದ್ದು ಒಂದು ಕಣ್ಣು ಮಾತ್ರ ಕಾಣುವ ಹಾಗೆ. ಲ್ಯಾಬಿನಲ್ಲಿ ಹೆಸರು ಕೂಗಿದರು. ತೋಳು ಚಾಚಿದ್ದಾಯಿತು, ಸೂಜಿ ಚುಚ್ಚಿದ್ದಾಯಿತು. ಎರಡು ದಿನ ಬಿಟ್ಟು ಕಾಗದ ಕೈಗೆ ಬಂತು. ಇದರ ಜೊತೆ ಇಟ್ಟಿದ್ದೇನೆ.

ಖಾಲಿ ಹೊಟ್ಟೆಯ ಸಕ್ಕರೆ ಲೀಟರಿಗೆ ಎರಡು ಗ್ರಾಂ ಅರವತ್ತೊಂದು. ಮೂರು ತಿಂಗಳದ್ದು ಹತ್ತು ಪಾಯಿಂಟ್ ಎಂಟು. ನಾನು ತಪ್ಪು ಓದಿದೆನೇನೋ ಎಂದು ಬಿಸಿಲಿಗೆ ಹಿಡಿದು ಮತ್ತೆ ಓದಿದೆ. ಡಾಕ್ಟರು ಕನ್ನಡಕ ತೆಗೆದಿಟ್ಟರು. "ಅಜ್ಜಿ, ಈ ಸಲನೂ ಉಪವಾಸ ಇಲ್ಲ. ಇನ್ನೂ ಹೀಗೇ ಆದ್ರೆ ಕಣ್ಣು ಹೋಗುತ್ತೆ, ಕಾಲು ಹೋಗುತ್ತೆ" ಅಂದರು. ಮಾತ್ರೆಗಳನ್ನು ಎರಡರಷ್ಟು ಮಾಡಿದ್ದಾರೆ.

ಅತ್ತೆ ದಾರಿಯುದ್ದಕ್ಕೂ ನನ್ನ ಮುಂದೆ ಮುಂದೆ ನಡೆದರು. ಮನೆಗೆ ಬಂದವರೇ ಉಗ್ರಾಣದ ಬೀಗದ ಕೈ ಕೇಳಿ ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಇದು ಹೇಗಾಯಿತೋ ನನಗೆ ಗೊತ್ತಿಲ್ಲ ಅಕ್ಕ. ಅತ್ತೆಗೆ ಬಾರ್ಲಿ ರವೆಯ ಕೂಸ್‌ಕೂಸ್ ಬಿಟ್ಟರೆ ಬೇರೆ ಹಾಕಿಲ್ಲ. ಚಹಾಕ್ಕೆ ಪುದೀನ ಮಾತ್ರ. ಮದುವೆಮನೆಗಳಿಂದ, ತೊಟ್ಟಿಲ ಮನೆಗಳಿಂದ ಅವರಿಗೆ ಮರ್ಯಾದೆಗೆಂದು ಸಿಹಿಯ ತಟ್ಟೆಗಳು ಬರುತ್ತಲೇ ಇರುತ್ತವೆ. ತಿಂದು ಖಾಲಿ ಮಾಡದೆ ತಟ್ಟೆ ಹಿಂದಿರುಗಿಸಿದರೆ ಕಳಿಸಿದವರಿಗೆ ಅವಮಾನ, ನಿಮಗೆ ಗೊತ್ತೇ ಇದೆ. ಅದಕ್ಕೂ ವ್ಯವಸ್ಥೆ ಮಾಡಿದ್ದೇನೆ. ಅತ್ತೆಯ ಬಾಯಿಗೆ ಒಂದು ಚೂರು ಹೋಗಲು ಬಿಟ್ಟಿಲ್ಲ.

ಜಮಖಾನ ನಿಧಾನವಾಗಿದೆ. ಸಂಜೆಯ ಬೆಳಕಿಗೆ ಕೆಂಪು ಯಾವುದು ಕಂದು ಯಾವುದು ತಿಳಿಯುವುದಿಲ್ಲ, ಬಿಚ್ಚಿ ಮತ್ತೆ ನೇಯಬೇಕಾಗುತ್ತದೆ. ಈ ವರ್ಷ ಸೆಕೆಯೂ ಹೋಗಿಲ್ಲ. ಬಾಯಿ ಒಣಗುತ್ತದೆ ಎಂದು ನೀರಿನ ಕೊಡವನ್ನು ಮಗ್ಗದ ಪಕ್ಕಕ್ಕೇ ತಂದಿಟ್ಟುಕೊಂಡಿದ್ದೇನೆ.

ನಿಮ್ಮ
ಬಾಯಾ


ಕಸಂತೀನಾ
5 ನವೆಂಬರ್ 1999

ಬಾಯಾಳಿಗೆ,

ಸಲಾಂ ಈಗಲೇ ಹೇಳಿಬಿಡುತ್ತೇನೆ, ಬರೆಯುತ್ತಾ ಹೋದರೆ ಮನಸ್ಸು ಬರುವುದಿಲ್ಲ.

ಹತ್ತು ಪಾಯಿಂಟ್ ಎಂಟು. ನಮ್ಮ ಮನೆಯವರು ತಮ್ಮ ತಂಗಿಯ ಮದುವೆಯ ವರ್ಷ ಪಥ್ಯವೆಲ್ಲ ಬಿಟ್ಟು ಜಿಲೇಬಿ ತಿಂದರು, ಆಗಲೂ ಒಂಬತ್ತು ದಾಟಿರಲಿಲ್ಲ. ಮುಂಜಾನೆಯ ಸಕ್ಕರೆಯನ್ನು ಒಂದು ದಿನ ಬಾಯಿ ಕಟ್ಟಿ ಇಳಿಸಬಹುದು. ಮೂರು ತಿಂಗಳದ್ದು ಹಾಗಲ್ಲ. ಅದು ಬೇಸಿಗೆಯಿಂದ ತಿಂದದ್ದನ್ನೆಲ್ಲ ನೆನಪಿಟ್ಟುಕೊಂಡಿರುತ್ತದೆ. ಬಾರ್ಲಿ ತಿಂದವಳಿಗೆ ಹತ್ತು ಪಾಯಿಂಟ್ ಎಂಟು ಬರುತ್ತದೆ ಎಂದು ಯಾರ ಕಿವಿಗೆ ಹೂ ಇಡುತ್ತೀಯ?

ನಿನ್ನ ಕಾಗದ ಮತ್ತೆ ಮತ್ತೆ ಓದಿದೆ. "ವ್ಯವಸ್ಥೆ ಮಾಡಿದ್ದೇನೆ" ಅಂದರೇನು? ತಟ್ಟೆ ಬರುತ್ತದೆ, ಖಾಲಿಯಾಗಿ ಹೋಗುತ್ತದೆ, ನಡುವೆ ಏನಾಯಿತು ಎಂದು ಹೇಳುವುದಿಲ್ಲ. "ತೋಳು ಚಾಚಿದ್ದಾಯಿತು, ಸೂಜಿ ಚುಚ್ಚಿದ್ದಾಯಿತು." ಯಾವಾಗಿನಿಂದ ನೀನು ಸರ್ಕಾರಿ ನೋಟೀಸಿನ ಹಾಗೆ ಬರೆಯಲು ಕಲಿತೆ? ಅಮ್ಮನಿಗೆ ಸೂಜಿ ತೋರಿಸಿದರೆ ಸಾಕು, ಬೀದಿಯೆಲ್ಲ ಕೇಳುವಂತೆ ಕಿರುಚುತ್ತಾಳೆ. ಹೆಣ ಮುಟ್ಟಲು ಹೆದರದವಳು ಸೂಜಿಗೆ ಹೆದರುತ್ತಾಳೆ ಎಂದು ನಾವು ನಕ್ಕದ್ದು ಎಷ್ಟು ಸಲ. ಆ ಬಗ್ಗೆ ನಿನ್ನ ಕಾಗದದಲ್ಲಿ ಒಂದು ಮಾತಿಲ್ಲ. ನೀನು ಒಳಗೇ ಹೋಗಲಿಲ್ಲ. ಅವಳನ್ನು ಒಬ್ಬಳನ್ನೇ ಒಳಗೆ ನೂಕಿ ಹೊರಗೆ ಯಾರ ಜೊತೆಗೋ ಹರಟುತ್ತಾ ನಿಂತಿದ್ದೆ. ಅಲ್ಲವೆಂದು ಹೇಳು ನೋಡೋಣ.

ನನಗೆ ಕಾಣುತ್ತಿರುವುದು ಇಷ್ಟು. ಮುದುಕಿ ಹಟಮಾರಿ, ದಿನವಿಡೀ ನಿನ್ನ ಬೆನ್ನು ಹತ್ತುತ್ತಾಳೆ. ಒಂದು ತುಂಡು ಸಿಹಿ ಕೊಟ್ಟರೆ ಸುಮ್ಮನಾಗುತ್ತಾಳೆ. ನೀನು ಕೊಡುತ್ತೀಯ. ಅವಳು ಸಿಕ್ಕಿಬಿದ್ದ ಮೇಲೆ ನಾಚಿಕೆಯಿಂದ ಬೀಗದ ಕೈ ತಾನೇ ಇಟ್ಟುಕೊಂಡಿದ್ದಾಳೆ. ನಿನ್ನನ್ನು ದೂರಲು ಅವಳಿಗೆ ಮನಸ್ಸಿಲ್ಲ. ಅವಳ ಆ ಒಳ್ಳೆಯತನವೇ ನಿನಗೆ ಆಸರೆ.

ಇನ್ನು ನಿನ್ನ ಅಕ್ಷರ. ಮೊದಲು ಎಷ್ಟು ಸಣ್ಣಗೆ ಚೆಂದ ಬರೆಯುತ್ತಿದ್ದೆ. ಈಗ ಕಿವುಡಿಗೆ ಕೂಗಿ ಹೇಳಿದ ಹಾಗೆ ಇಷ್ಟಿಷ್ಟು ದಪ್ಪ. ಗಂಡನ ಅಕ್ಕನಿಗೆ ತಲೆ ಮಂದ, ದೊಡ್ಡದಾಗಿ ಬರೆದರೆ ಅರ್ಥವಾಗುತ್ತದೆ ಅಂತಲೋ?

ಝುಲೀಖಾ


ಬೆನಿ ಇಸ್ಗೆನ್
17 ನವೆಂಬರ್ 1999

ಝುಲೀಖಕ್ಕನಿಗೆ ಸಲಾಂ.

ನಾನು ಲ್ಯಾಬಿನ ಒಳಗೆ ಹೋಗಿದ್ದೆ. ಸೂಜಿ ಚುಚ್ಚುವಾಗ ಅಲ್ಲೇ ಇದ್ದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ, ಬೇಕಾದರೆ ನನ್ನ ಇಬ್ಬರು ಮಕ್ಕಳ ಮೇಲೆ ಆಣೆ ಮಾಡುತ್ತೇನೆ.

ಸಿಹಿ ಕೊಟ್ಟು ಅತ್ತೆಯ ಬಾಯಿ ಮುಚ್ಚಿಸುತ್ತೇನೆ ಎಂದಿರಿ. ನಿಮ್ಮ ಅಮ್ಮನ ಬಾಯಿ ಮುಚ್ಚಿಸಲು ಇನ್ನೂ ಯಾವ ಸಿಹಿಯೂ ಹುಟ್ಟಿಲ್ಲ ಅಕ್ಕ. ಈಗಂತೂ ನನ್ನನ್ನು ಎದುರಿಗೆ ಕೂರಿಸಿಕೊಂಡು ನನ್ನ ತಟ್ಟೆಯನ್ನೇ ನೋಡುತ್ತಾರೆ. ತೋಟದಿಂದ ಹೊಸ ಖರ್ಜೂರದ ಗೊನೆ ಬಂದಿದೆ, ನಮ್ಮದೇ ಮರದ್ದು. ಮೊನ್ನೆ ಒಂದನ್ನು ಕೈಗೆ ತೆಗೆದುಕೊಂಡೆ.

"ಅದನ್ನ ಕೆಳಗಿಡು" ಅಂದರು.

"ಒಂದೇ ಒಂದು ಅತ್ತೆ."

"ಎಲ್ರೂ ಒಂದೇ ಒಂದು ಅಂತಲೇ ಶುರು ಮಾಡೋದು. ಇಡು."

ಇಟ್ಟೆ. ಮದುವೆಯಾಗಿ ಬಂದು ಇಷ್ಟು ವರ್ಷವಾಯಿತು, ಈ ಮನೆಯಲ್ಲಿ ತಿಂದ ತುತ್ತಿನ ಲೆಕ್ಕ ಯಾರೂ ಕೇಳಿರಲಿಲ್ಲ. ಮೊದಲ ದಿನ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಈಗ ಅಭ್ಯಾಸವಾಗಿದೆ.

ಅಕ್ಷರ ದಪ್ಪಗಾದದ್ದಕ್ಕೆ ಕ್ಷಮಿಸಿ. ಸಣ್ಣಗೆ ಬರೆದರೆ ಗೆರೆಯ ಮೇಲೆ ಗೆರೆ ಕೂರುತ್ತದೆ, ನನಗೇ ಕಾಣುವುದಿಲ್ಲ. ಮಗ್ಗದ ಬಾಚಣಿಗೆ ತಗುಲಿ ಬೆರಳು ಬೇರೆ ಕುಯ್ದುಕೊಂಡಿದ್ದೇನೆ. ಬಹಳ ದಿನವಾಯಿತು, ಮಾಯಲು ಒಲ್ಲದು. ಬಟ್ಟೆ ಸುತ್ತಿಕೊಂಡು ಬರೆಯುತ್ತಿದ್ದೇನೆ.

ನಿಮಗೆ ಹೇಳಬೇಕಾದ್ದು ಒಂದಿದೆ. ಆದರೆ ಅದು ನನ್ನೊಬ್ಬಳ ಮಾತಲ್ಲ. ಅಪ್ಪಣೆ ಸಿಗುವ ತನಕ ನೀವು ಏನು ಬೇಕಾದರೂ ಅಂದುಕೊಳ್ಳಿ.

ಬಾಯಾ


ಕಸಂತೀನಾ
28 ನವೆಂಬರ್ 1999

ಬಾಯಾ,

ಶಾಶಾ ಇಲ್ಲಿಗೆ ಬಂದಿದ್ದಳು. ಹೌದು, ನಿಮ್ಮ ಪಕ್ಕದ ಮನೆಯ ಶಾಶಾ. ಮಗಳ ಬಾಣಂತನಕ್ಕೆಂದು ಬಂದವಳು ನನ್ನ ಮನೆಯಲ್ಲಿ ಕೂತು ಎರಡು ಲೋಟ ಚಹಾ ಕುಡಿದು ಹೋದಳು. ಅವಳಿಗೆ ನಿನ್ನ ಮೇಲೆ ದ್ವೇಷವಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದಳು.

ಅಮ್ಮನ ಮಾತ್ರೆಯ ಡಬ್ಬಿಯಿಂದ ಮಾತ್ರೆ ತೆಗೆದು ನೀನು ಬಾಯಿಗೆ ಹಾಕಿಕೊಂಡು ನೀರು ಕುಡಿದೆಯಂತೆ. ಒಂದು ದಿನವಲ್ಲ. ಅವಳು ಹಿಟ್ಟು ಕೇಳಲು ಬಂದಾಗ ಒಮ್ಮೆ, ಜರಡಿ ಕೊಡಲು ಬಂದಾಗ ಇನ್ನೊಮ್ಮೆ. ಅಮ್ಮ ಪಕ್ಕದಲ್ಲೇ ಕೂತಿದ್ದಳಂತೆ. ಪಾಪ, ಅವಳಿಗೆ ಯಾವುದು ಯಾವ ಮಾತ್ರೆ ಎಂದು ಏನು ಗೊತ್ತು. ಡಾಕ್ಟರು ಎರಡರಷ್ಟು ಮಾಡಿದ ಮಾತ್ರೆಯಲ್ಲಿ ಅರ್ಧ ನಿನ್ನ ಹೊಟ್ಟೆಗೆ ಹೋಗುತ್ತಿದೆ. ಇದೇನಾ ನಿನ್ನ "ಹೇಳಬೇಕಾದ್ದು"?

ಅದೂ ಅಲ್ಲದೆ ನೀನು ಬಹಳ ಸಪೂರವಾಗಿದ್ದೀಯಂತೆ. ಹೋದ ಈದಿನ ಅಂಗಿ ಹೆಗಲಿನಿಂದ ಜಾರುತ್ತದಂತೆ. ಇಲ್ಲಿನ ಕೆಲವು ಹುಡುಗಿಯರು ತೆಳ್ಳಗಾಗಲು ಸಕ್ಕರೆಯ ಮಾತ್ರೆ ನುಂಗುತ್ತಾರೆ ಎಂದು ಕೇಳಿದ್ದೇನೆ. ಅವರಿಗೆ ಮದುವೆಯಾಗಬೇಕು. ನಿನಗೆ ಏನಾಗಬೇಕು? ಗಂಡ ದೂರದ ವಹ್ರಾನ್ ಪಟ್ಟಣದ ಅಂಗಡಿಯಲ್ಲಿದ್ದು ಹಬ್ಬದಿಂದ ಹಬ್ಬಕ್ಕೆ ಬರುವವನು. ನೀನು ತೆಳ್ಳಗಾಗುತ್ತಿರುವುದು ಯಾರ ಕಣ್ಣಿಗಾಗಿ?

ನಾನು ತಮ್ಮ ಸುಲೇಮಾನನಿಗೆ ಬರೆಯುತ್ತೇನೆ. ಅವನಿಗೆ ಗೊತ್ತಾಗಲಿ. ಈ ಕಾಗದವನ್ನು ಬೇಕಾದರೆ ಅಮ್ಮನಿಗೇ ಓದಿ ಹೇಳು. ಅವಳ ಮುಖ ನೋಡಿಕೊಂಡು ಓದುವ ಧೈರ್ಯ ಇದ್ದರೆ.

ಝುಲೀಖಾ


ಬೆನಿ ಇಸ್ಗೆನ್
4 ಡಿಸೆಂಬರ್ 1999

ಝುಲೀಖಕ್ಕನಿಗೆ,

ಓದಿ ಹೇಳಿದೆ. ಸಲಾಂ ಇಲ್ಲದ ಮೊದಲ ಸಾಲಿನಿಂದ ನಿಮ್ಮ ಹೆಸರಿನ ತನಕ ಓದಿದೆ. "ಯಾರ ಕಣ್ಣಿಗಾಗಿ" ಎಂಬ ಕಡೆ ಅತ್ತೆ ಕೈ ಎತ್ತಿ ನಿಲ್ಲಿಸಿದರು, ಇನ್ನೊಮ್ಮೆ ಓದಿಸಿದರು. ಆಮೇಲೆ ಹೊರಗೆ ಹೋಗುವ ಬಿಳಿ ಹೊದಿಕೆ ತರಲು ಹೇಳಿದರು. ಅಯ್ಯೂಬ್ ಹೊರಗೆ ಕಾಯುತ್ತಿದ್ದಾನೆ, ನಮ್ಮನ್ನು ಡಾಕ್ಟರ ಬಳಿ ಇಳಿಸಿ ಈ ಕಾಗದ ತೆಗೆದುಕೊಂಡು ಹೋಗುತ್ತಾನೆ.

ನಿಮ್ಮ ತಮ್ಮನಿಗೆ ಬರೆಯುವುದಿದ್ದರೆ ಬರೆಯಿರಿ.

ಬಾಯಾ


ಕಸಂತೀನಾ
13 ಡಿಸೆಂಬರ್ 1999

ಬಾಯಾಳಿಗೆ ಸಲಾಂ.

ರಂಜಾನ್ ಶುರುವಾದ ದಿನ ಫೋನು ಮಾಡಿದೆ. ಅಮ್ಮ ಎತ್ತಿದಳು. "ಉಪವಾಸವಾ ಅಮ್ಮ?" ಅಂದೆ. "ಕಾಗದ ಬರುತ್ತೆ, ಓದು" ಎಂದು ಇಟ್ಟುಬಿಟ್ಟಳು. ನಿನ್ನ ಆ ನಾಲ್ಕು ಸಾಲಿನ ಕಾಗದದ ಮೇಲೆ ಇನ್ನೊಂದು ಬಂದಿಲ್ಲ. ಅಯ್ಯೂಬನ ಟ್ಯಾಕ್ಸಿ ಕೆಟ್ಟು ನಿಂತಿದೆಯೋ, ನೀನು ಬರೆಯುವುದನ್ನೇ ನಿಲ್ಲಿಸಿದೆಯೋ ತಿಳಿಯದೆ ನಾನೇ ಬರೆಯುತ್ತಿದ್ದೇನೆ.

ನಿನ್ನ ಮಾತ್ರೆಯ ವಿಷಯವನ್ನು ನಮ್ಮ ಮನೆಯವರಿಗೆ ಹೇಳಿದೆ. ನನ್ನ ಪರವಾಗಿ ನಾಲ್ಕು ಮಾತು ಆಡುತ್ತಾರೆ ಎಂದುಕೊಂಡಿದ್ದೆ. ಅವರು ಇಫ್ತಾರಿನ ಸೂಪು ಕುಡಿಯುತ್ತಾ, "ಎಷ್ಟು ದಿನದಿಂದ ನುಂಗ್ತಿದಾಳೆ?" ಅಂದರು.

"ಶಾಶಾ ಹೇಳೋ ಪ್ರಕಾರ ಒಂದು ತಿಂಗಳಾದ್ರೂ ಆಗಿರಬೇಕು."

"ಅಷ್ಟೂ ದಿನ ಎದ್ದು ಓಡಾಡ್ತಾ ಇದಾಳಾ?"

"ಅಡುಗೆ ಮಾಡ್ತಾಳೆ, ನೇಯ್ತಾಳೆ, ಎದುರು ಮಾತಾಡ್ತಾಳೆ."

"ಹಾಗಾದ್ರೆ ಆ ಕಾಯಿಲೆ ಅವಳದ್ದೇ. ನನ್ನ ಮಾತ್ರೆ ನೀನೊಂದು ವಾರ ನುಂಗು ನೋಡೋಣ, ಬೆವತು ನಡುಗಿ ನೆಲಕ್ಕೆ ಬೀಳ್ತೀಯ. ಸಕ್ಕರೆ ಇದ್ದವರಿಗೆ ಮಾತ್ರ ಅದು ಒಗ್ಗೋದು" ಅಂದು ಸೂಪು ಮುಗಿಸಿದರು.

ನನಗೆ ಸೂಪು ಸೇರಲಿಲ್ಲ. ನಿನ್ನ ಕಾಗದಗಳನ್ನೆಲ್ಲ ಹೊರಗೆ ತೆಗೆದು ಚಾಪೆಯ ಮೇಲೆ ಹರಡಿದೆ. ಬಾಯಿ ಒಣಗುತ್ತದೆ ಎಂದಿದ್ದೀಯ. ಬೆರಳು ಮಾಯುವುದಿಲ್ಲ ಎಂದಿದ್ದೀಯ. ಬಣ್ಣ ತಿಳಿಯುವುದಿಲ್ಲ, ಗೆರೆಯ ಮೇಲೆ ಗೆರೆ ಕೂರುತ್ತದೆ ಎಂದಿದ್ದೀಯ. ನಮ್ಮ ಮನೆಯವರಿಗೆ ರೋಗ ಬಂದ ವರ್ಷ ನಾನು ದಿನಾ ನೋಡಿದ್ದು ಇವನ್ನೇ. ಎಲ್ಲವನ್ನೂ ನೀನು ಬರೆದಿದ್ದೆ. ನಾನು ಒಂದೊಂದಕ್ಕೂ ಬೇರೆ ಬೇರೆ ಹೆಸರಿಟ್ಟೆ, ಸೋಮಾರಿತನ, ಸೊಕ್ಕು, ಇನ್ನೂ ಕೆಟ್ಟದ್ದು.

ಈಗ ನೇರವಾಗಿ ಕೇಳುತ್ತೇನೆ. ಅವತ್ತು ಲ್ಯಾಬಿನಲ್ಲಿ ಚಾಚಿದ ತೋಳು ಯಾರದು?

ನಿನ್ನದು ಎಂದಾದರೆ ಇನ್ನೊಂದನ್ನೂ ಹೇಳು. ಅಮ್ಮನ ಕಣ್ಣು ತಪ್ಪಿಸಿ ಇದನ್ನು ಹೇಗೆ ಮಾಡಿದೆ? ಅವಳಿಗೆ ಗೊತ್ತಿತ್ತು ಎಂದು ಮಾತ್ರ ಹೇಳಬೇಡ, ನಾನು ನಂಬುವುದಿಲ್ಲ. ಏನನ್ನು ಬೇಕಾದರೂ ನಂಬುತ್ತೇನೆ, ನಮ್ಮಮ್ಮ ಸುಳ್ಳಿಗೆ ಕೈ ಹಾಕಿದಳು ಎಂಬುದನ್ನಲ್ಲ.

ಸುಲೇಮಾನನಿಗೆ ಬರೆದ ಕಾಗದ ಇನ್ನೂ ನನ್ನ ಪೆಟ್ಟಿಗೆಯಲ್ಲೇ ಇದೆ. ಕಳಿಸಿಲ್ಲ, ಹರಿದೂ ಇಲ್ಲ.

ಝುಲೀಖಾ


ಬೆನಿ ಇಸ್ಗೆನ್
21 ಡಿಸೆಂಬರ್ 1999

ಝುಲೀಖಕ್ಕನಿಗೆ ಬಾಯಾ ಮಾಡುವ ಸಲಾಂ.

ಅಯ್ಯೂಬನ ಟ್ಯಾಕ್ಸಿ ನಿಜವಾಗಿಯೂ ಕೆಟ್ಟಿತ್ತು. ನಾನು ಬರೆಯದೆ ಇದ್ದದ್ದೂ ನಿಜ. ನಿಮ್ಮ ಮೇಲೆ ಸಿಟ್ಟಿತ್ತು, ಇನ್ನೂ ಪೂರ್ತಿ ಹೋಗಿಲ್ಲ.

ಈಗ ಅತ್ತೆ ಪಕ್ಕದಲ್ಲಿ ಕೂತಿದ್ದಾರೆ. "ಬರಿ, ಒಂದೂ ಬಿಡ್ಬೇಡ. ನನ್ನ ಮಗಳು ನನ್ನ ಏನೋ ಅಂದ್ಕೊಂಡಿದಾಳೆ, ಅದು ಇಳೀಲಿ" ಎಂದು ಅಪ್ಪಣೆ ಕೊಟ್ಟಿದ್ದಾರೆ. ಬರೆಯುತ್ತೇನೆ.

ತೋಳು ನನ್ನದು. ಕೇಳಿದವರು ಅತ್ತೆ.

ನಿಮ್ಮ ಮೊದಲ ಕಾಗದ ಬಂದ ದಿನ ಅವರು ಮಗ್ಗದ ಬಳಿ ಬಂದು ಕೂತರು. ಅವರು ನನ್ನನ್ನು ಬೇಡಿಕೊಂಡದ್ದು ಅದೊಂದೇ ಸಲ. "ಬಾಯಾ, ಹೋದ ವರ್ಷ ಬಾಗಿಲ ಹಿಂದೆ ಕೂತು ಉಂಡೆನಲ್ಲ, ಕೂಟದ ಹೆಂಗಸ್ರು ಬಂದಾಗ ತುತ್ತು ಬಾಯಲ್ಲೇ ಇತ್ತು. ನುಂಗೋಕೂ ಆಗದೆ ಉಗುಳೋಕೂ ಆಗದೆ ನಿಂತಿದ್ದೆ. ಇನ್ನೊಂದು ಸಲ ನನ್ನ ಕೈಲಾಗಲ್ಲ. ನಿನ್ನ ರಕ್ತ ಶುದ್ಧ ಇದೆ. ಒಂದು ಸೀಸೆ ನನ್ನ ಹೆಸ್ರಲ್ಲಿ ಕೊಡು" ಅಂದರು. ನಾನು ಇಲ್ಲ ಅನ್ನಬೇಕಿತ್ತು. ಆ ಮುಖ ನೋಡಿಕೊಂಡು ಅನ್ನಲು ಆಗಲಿಲ್ಲ.

ಲ್ಯಾಬಿನಲ್ಲಿ ಎರಡು ಬಿಳಿ ಹೊದಿಕೆಗಳು, ಎರಡು ಕಣ್ಣುಗಳು. ಅವರ ಹೆಸರು ಕೂಗಿದಾಗ ಎದ್ದವಳು ನಾನು. ಲ್ಯಾಬಿನವರು ತೋಳಿಗೆ ಪಟ್ಟಿ ಬಿಗಿಯುತ್ತಾ "ಅಜ್ಜಿ, ತೋಳು ಇನ್ನೂ ಗಟ್ಟಿ ಇದೆಯಲ್ಲ" ಅಂದರು. ಅತ್ತೆ ಹಿಂದಿನಿಂದ ಕೆಮ್ಮಿದರು. ದಾರಿಯಲ್ಲಿ ನಾವಿಬ್ಬರೂ ಅದನ್ನೇ ಹೇಳಿಕೊಂಡು ನಕ್ಕಿದ್ದೆವು ಅಕ್ಕ. ಆಮೇಲೆ ಕಾಗದ ಬಂತು.

ಡಾಕ್ಟರು ಕಣ್ಣು ಹೋಗುತ್ತೆ, ಕಾಲು ಹೋಗುತ್ತೆ ಎಂದು ಅತ್ತೆಗೆ ಬಯ್ಯುತ್ತಿದ್ದರು. ಪ್ರತಿಯೊಂದು ಮಾತೂ ನನಗೆ ಎಂದು ಅಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ನಾನು ಸುಳ್ಳು ಹೇಳಿದ್ದಕ್ಕೆ ದೇವರು ಆ ಕ್ಷಣಕ್ಕೆ ರಕ್ತ ಕೆಡಿಸಿದ, ಇನ್ನೊಂದು ತಿಂಗಳಿಗೆ ತಾನೇ ಸರಿಹೋಗುತ್ತದೆ ಎಂದುಕೊಂಡೆ. ಹೆದರಿಕೆಗೆ ಹಾಗೆ ಅಂದುಕೊಂಡೆ. ಅತ್ತೆಗೆ ಅಂಥ ಭ್ರಮೆ ಇರಲಿಲ್ಲ. ಅವರು ಉಗ್ರಾಣಕ್ಕೆ ಬೀಗ ಹಾಕಿದ್ದು ಸಿಹಿ ನನ್ನ ಕೈಗೆ ಸಿಗದಿರಲಿ ಎಂದು. ಹೆಚ್ಚಿಸಿದ ಮಾತ್ರೆಗಳನ್ನು ಅಂಗೈ ಮೇಲೆ ಇಟ್ಟುಕೊಂಡು ಬಂದು, "ಅಂಕೆ ನಿಂದು, ಮಾತ್ರೆನೂ ನಿಂದೇ. ನುಂಗು" ಅಂದರು. ತಮ್ಮ ಹಳೆಯ ಮಾತ್ರೆಯನ್ನು ತಾವು ಹಳೆಯ ಹಾಗೇ ನುಂಗುತ್ತಿದ್ದರು. ಶಾಶಾ ಕಂಡದ್ದು ಅದನ್ನೇ.

ಸತ್ಯ ಹೇಳಿಬಿಡೋಣ ಅತ್ತೆ ಎಂದು ನಾನು ಬಹಳ ಸಲ ಕೇಳಿದೆ. ಈದ್ ಕಳೆಯಲಿ ಅನ್ನುತ್ತಿದ್ದರು. ಅವರಿಗೂ ಹೆದರಿಕೆ ಇತ್ತು. ನಿಮ್ಮ ಕಣ್ಣಲ್ಲಿ ಚಿಕ್ಕವರಾಗುವ ಹೆದರಿಕೆ. ನಿಮ್ಮ ಬಯ್ಗುಳವನ್ನೆಲ್ಲ ನಾನು ಹಲ್ಲು ಕಚ್ಚಿಕೊಂಡು ತಿಂದದ್ದು ಅದಕ್ಕೆ. ಆದರೆ ಅವತ್ತಿನ ಕಾಗದ ಕೇಳಿದ ಮೇಲೆ ಅವರು ಕಾಯಲಿಲ್ಲ. ಡಾಕ್ಟರ ಮುಂದೆ ಕೂತು ಹೊದಿಕೆಯನ್ನು ಮುಖದಿಂದ ಪೂರ್ತಿ ತೆಗೆದರು. ಪರಗಂಡಸಿನ ಮುಂದೆ ಅವರು ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಸರಿಯಾಗಿ ನೋಡ್ಕೊಳ್ಳಿ. ಈ ಮುಖ ನಂದು, ಹೋದ ಸಲದ ರಕ್ತ ಇವಳದು. ಮಾಡಿಸಿದೋಳು ನಾನು. ಈಗ ಇಬ್ರದ್ದೂ ತಗೊಳ್ಳಿ" ಅಂದರು.

ಡಾಕ್ಟರು ಬಾಯಿಗೆ ಬಂದಂತೆ ಬಯ್ದರು. "ಆ ಮಾತ್ರೆ ನೀವು ನುಂಗಿದ್ರೆ ಏನಾಗ್ತಿತ್ತು ಗೊತ್ತಾ?" ಎಂದಾಗ ಅತ್ತೆ, "ನನಗಷ್ಟೂ ಬುದ್ಧಿ ಇಲ್ವಾ" ಅಂದರು. ಸೂಜಿ ಚುಚ್ಚಿದಾಗ ಮಾತ್ರ ಕಿರುಚಿದರು. ಕಾಯುತ್ತಿದ್ದವರೆಲ್ಲ ಬಾಗಿಲಿಗೆ ಬಂದರು. ನೀವು ಕೇಳಿದ ಕಿರುಚಾಟ ಇದೋ ಇಲ್ಲಿದೆ.

ಫಲಿತಾಂಶ ಹೇಳುತ್ತೇನೆ. ನನ್ನದು ಮತ್ತೆ ಹತ್ತರ ಮೇಲೆ. ನನ್ನ ಹೆಸರಿನಲ್ಲೇ ಈಗ ಮಾತ್ರೆ, ಕಣ್ಣಿಗೆ ಬೇರೆ ಡಾಕ್ಟರು. ಅತ್ತೆಯದು ಆರು ಪಾಯಿಂಟ್ ಒಂಬತ್ತು. ಡಾಕ್ಟರು ಎರಡೆರಡು ಸಲ ಓದಿದರು. ಇವರಿಗೆ ಅಡುಗೆ ಮಾಡೋದು ಯಾರು ಎಂದು ಕೇಳಿದರು. ಮೊದಲೇ ತಮ್ಮ ತೋಳು ಚಾಚಿದ್ದರೆ ಅತ್ತೆಗೆ ಅವತ್ತೇ ಅಪ್ಪಣೆ ಸಿಗುತ್ತಿತ್ತು. ಅತ್ತೆಗೆ ಬರಬಾರದು ಎಂದು ಆ ತಟ್ಟೆಗಳ ಸಿಹಿಯನ್ನೆಲ್ಲ ನಾನು ತಿಂದು ಖಾಲಿ ಮಾಡಿದೆ. ನನ್ನ ವ್ಯವಸ್ಥೆ ಅದೇ ಆಗಿತ್ತು.

"ಉಪವಾಸ ಬೇಕಾದ್ರೆ ಮಾಡಿ ಅಜ್ಜಿ, ವಯಸ್ಸಾಗಿದೆ, ರೋಗ ಇದೆ, ಬಿಟ್ರೂ ತಪ್ಪಿಲ್ಲ" ಎಂದರು ಡಾಕ್ಟರು. ನನಗೆ ಮಾತ್ರ ಖಡಾಖಂಡಿತ ಬೇಡ ಎಂದರು.

ನಾನು ಕೇಳಲಿಲ್ಲ. ಈ ವಯಸ್ಸಿನ ಹೆಂಗಸು ಉಪವಾಸ ಯಾಕಿಲ್ಲ ಎಂದು ಊರು ಕೇಳುತ್ತದೆ. ರೋಗಿ ಎಂದು ಹೇಳಿಕೊಳ್ಳುವುದಕ್ಕಿಂತ ಸಾಯುವುದು ವಾಸಿ ಅನಿಸಿತು. ಮೊದಲ ದಿನ ಯಾರಿಗೂ ಹೇಳದೆ ಉಪವಾಸ ಹಿಡಿದು ಮಗ್ಗಕ್ಕೆ ಕೂತೆ. ಮಧ್ಯಾಹ್ನದ ಹೊತ್ತಿಗೆ ನೂಲು ಎರಡೆರಡಾಗಿ ಕಂಡಿತು. ಅತ್ತೆಯೂ ಉಪವಾಸ ಇದ್ದಾರೆ ಎಂದೇ ತಿಳಿದಿದ್ದೆ. ಅವರು ಅಡುಗೆಮನೆಯಿಂದ ದೊಡ್ಡ ತಟ್ಟೆ ಹೊತ್ತು ಬಂದರು. ಬಾಗಿಲ ಹಿಂದಕ್ಕೆ ಹೋಗಲಿಲ್ಲ. ಅಂಗಳದ ನಟ್ಟನಡುವೆ ಇಟ್ಟರು, ಬೀದಿಯ ಬಾಗಿಲನ್ನು ಪೂರ್ತಿ ತೆರೆದರು.

"ಬಾ, ಕೂತ್ಕೋ."

"ಅತ್ತೆ, ನಿಮಗೆ ಅಪ್ಪಣೆ ಸಿಕ್ಕಿದೆ. ಇಷ್ಟೆಲ್ಲ ಮಾಡಿದ್ದು ಅದಕ್ಕೇ ಅಲ್ವಾ?"

"ನಾನು ಉಪವಾಸ ಕೂತ್ರೆ ನೀನೂ ಕೂರ್ತೀಯ. ನಿನ್ನ ಹಟ ನಂಗೆ ಗೊತ್ತಿಲ್ವಾ. ಉಪವಾಸ ಬಿಟ್ಟೋರು ದಿನಕ್ಕೊಬ್ಬ ಬಡವ್ರಿಗೆ ಊಟ ಹಾಕ್ಬೇಕು ಅಂತಿದೆ. ಬಡವರ ಮನೆಗೆ ಆಗಲೇ ಕಳಿಸಿದೀನಿ. ಇದು ನಿನಗೆ. ತಿನ್ನು."

ಅಷ್ಟರಲ್ಲಿ ಕೂಟದ ಇಬ್ಬರು ಹೆಂಗಸರು ಬಂದರು, ಅತ್ತೆಯನ್ನು ಒಂದು ಸಾವಿನ ಮನೆಗೆ ಕರೆಯಲು. ಬಾಗಿಲಲ್ಲೇ ನಿಂತುಬಿಟ್ಟರು. ಅತ್ತೆ ತುತ್ತು ಅಗಿದು ನುಂಗಿ, ಆಮೇಲೆ ಮಾತಾಡಿದರು. ಬೇರೆಯವಳ ರಕ್ತ ಕೊಡಿಸಿ ಡಾಕ್ಟರಿಗೆ ಸುಳ್ಳು ಹೇಳಿದೆ, ಈದ್ ತನಕ ನಾನು ಯಾರಿಗೂ ಸರಿತಪ್ಪು ಹೇಳುವುದಿಲ್ಲ, ಹೆಣದ ಸ್ನಾನಕ್ಕೂ ಬೇರೆಯವರನ್ನು ಕರೆಯಿರಿ ಎಂದರು. ಆ ಹೆಂಗಸರು ಹೋದ ಮೇಲೆ ನನಗೆ ಬಿಕ್ಕಿ ಬಿಕ್ಕಿ ಅಳು ಬಂತು. "ಅಳೋದು ಆಮೇಲೆ, ಆರಿಹೋಗುತ್ತೆ" ಎಂದು ಕೂಸ್‌ಕೂಸನ್ನು ನನ್ನ ಕಡೆಗೆ ತಳ್ಳಿದರು. ಅವತ್ತಿನಿಂದ ದಿನಾ ಹಾಗೆಯೇ ಉಣ್ಣುತ್ತಿದ್ದೇವೆ, ಅಂಗಳದಲ್ಲಿ, ಬಾಗಿಲು ತೆರೆದು.

"ಯಾರ ಕಣ್ಣಿಗಾಗಿ" ಎಂದು ಕೇಳಿದಿರಲ್ಲ ಅಕ್ಕ. ಅದನ್ನು ನಾನು ಮರೆಯುತ್ತೇನೆ ಎಂದು ಹೇಳಲಾರೆ. ಉಳಿದದ್ದನ್ನೆಲ್ಲ ಆಗಲೇ ಮರೆತಿದ್ದೇನೆ.

ಬಾಯಾ


ಕಸಂತೀನಾ
30 ಡಿಸೆಂಬರ್ 1999

ಪ್ರೀತಿಯ ಬಾಯಾ, ನಿನಗೂ ಅಮ್ಮನಿಗೂ ಸಲಾಂ.

ಆ ಸಾಲನ್ನು ಮರೆಯಬೇಡ. ಬರೆದವಳು ನಾನು, ನೆನಪಿನಲ್ಲಿರಲಿ, ಇನ್ನೊಮ್ಮೆ ನನ್ನ ನಾಲಿಗೆ ಉದ್ದವಾದರೆ ತೆಗೆದು ತೋರಿಸು. ಸುಲೇಮಾನನ ಕಾಗದವನ್ನು ಹರಿದು ಒಲೆಗೆ ಹಾಕಿದೆ. ನಮ್ಮ ಮನೆಯವರು ನೋಡಿ, "ಸದ್ಯ" ಎಂದರು.

ಅಮ್ಮನ ವಿಷಯ ಓದಿ ಅತ್ತುಬಿಟ್ಟೆ. ಅವಳು ಸುಳ್ಳಿಗೆ ಕೈ ಹಾಕಿದ್ದಕ್ಕೋ, ಅಂಗಳದಲ್ಲಿ ಕೂತು ಉಂಡದ್ದಕ್ಕೋ ನನಗೇ ತಿಳಿಯಲಿಲ್ಲ. ಅವಳಿಗೆ ಹೇಳು, ನನ್ನ ಕಣ್ಣಲ್ಲಿ ಅವಳು ಒಂದು ಕೂದಲಿನಷ್ಟೂ ಚಿಕ್ಕವಳಾಗಿಲ್ಲ. ಫೋನಿನಲ್ಲಿ ಹೇಳಲು ನನ್ನಿಂದಾಗದು.

ಜಮಖಾನದ ಬಣ್ಣ ತಪ್ಪಿದ ಸಾಲುಗಳನ್ನು ಬಿಚ್ಚಬೇಡ, ಹಾಗೇ ಇರಲಿ. ಅರ್ಧಕ್ಕೇ ನಿಂತರೂ ಲತೀಫಾ ಅದನ್ನೇ ಹಾಸುತ್ತಾಳೆ. ನಿನ್ನನ್ನು ಇಲ್ಲಿನ ಕಣ್ಣಿನ ಡಾಕ್ಟರಿಗೆ ತೋರಿಸಲು ಕರೆದುಕೊಂಡು ಬರುತ್ತೇನೆ, ಅದಕ್ಕೆ ಎದುರು ಮಾತು ಬೇಡ.

ಹೋದ ವಾರ ನಾನೂ ಪರೀಕ್ಷೆಗೆ ಹೋಗಿದ್ದೆ. ನನಗೂ ಈಚೆಗೆ ಬಾಯಿ ಒಣಗುತ್ತದೆ, ಉಪವಾಸಕ್ಕೆ ಎಂದುಕೊಂಡು ಸುಮ್ಮನಿದ್ದೆ. ಚಾಚಿದ್ದು ನನ್ನದೇ ತೋಳು, ಅನುಮಾನ ಬೇಡ. ಫಲಿತಾಂಶದ ಕಾಗದ ಬಂದಿದೆ, ಲಕೋಟೆ ಒಡೆದಿಲ್ಲ. ನಿನ್ನ ಫಲಿತಾಂಶವನ್ನು ಮಾತ್ರ ಹಟ ಹಿಡಿದು ತರಿಸಿಕೊಂಡು ನೋಡಿದವಳು ನಾನು. ಇದನ್ನು ತಂದು ನಿನ್ನ ಕೈಗೇ ಕೊಡುತ್ತೇನೆ. ಕಣ್ಣಿಗೆ ಕಾಣದಿದ್ದರೆ ಬಿಸಿಲಿಗೆ ಹಿಡಿದು ನಿಧಾನವಾಗಿ ಓದು, ನಾನು ಕಾಯುತ್ತೇನೆ.

ಜನವರಿ ಐದಕ್ಕೆ ಅಯ್ಯೂಬನ ಟ್ಯಾಕ್ಸಿಯಲ್ಲಿ ಹೊರಡುತ್ತೇನೆ. ಈದಿಗೆ ಇನ್ನೂ ಎರಡು ಮೂರು ದಿನ ಇರುತ್ತದೆ. ದಾರಿಯಲ್ಲಿರುವವರಿಗೆ ಉಪವಾಸ ಬಿಡಲು ಅಪ್ಪಣೆ ಇದೆ ಎಂದು ನಮಗೆ ಕಲಿಸಿದವಳು ಅಮ್ಮನೇ. ಮಾರನೆಯ ದಿನ ಮಧ್ಯಾಹ್ನ, ನೀವು ಉಣ್ಣುವ ಹೊತ್ತಿಗೆ ಬಂದು ಸೇರುತ್ತೇನೆ. ಪಕ್ಕದ ಮನೆಯಿಂದ ಶಾಶಾ ನೋಡಿದರೆ ನೋಡಲಿ.

ಬೀದಿಯ ಬಾಗಿಲು ತೆರೆದಿರಲಿ. ನನಗೂ ಜಾಗ ಬಿಟ್ಟು ಕೂತಿರಿ.

ನಿನ್ನ
ಝುಲೀಖಾ